ಅರವತ್ತು ದಾಟಿದ ಮೇಲೆ ಟಾಂಜಾನಿಯಾದಲ್ಲಿ ಸೇವೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ನಿವೃತ್ತಿಯ ನಂತರ ಒಂದೆರಡು ವರ್ಷ ಪೂರ್ವ ಆಫ್ರಿಕದ ಶಾಲೆ, ಆಸ್ಪತ್ರೆಗಳಲ್ಲಿ ಸ್ವಯಂಸೇವಕರಾಗಿ ಇರಬೇಕೆನ್ನುವವರಿಂದ ಪತ್ರಗಳು ಬಂದಿವೆ. ಹೆಚ್ಚಿನವು ಟಾಂಜಾನಿಯಾದ ಬಗ್ಗೆಯೇ ಇರುವುದರಿಂದ ಈ ಸಲ ಆ ದೇಶಕ್ಕಷ್ಟೇ ಪುಟ ಮೀಸಲು.

ಕರೆಸಿಕೊಳ್ಳುವ ಸಂಸ್ಥೆಯವರು "ಸದ್ಯ ಪ್ರವಾಸಿ ವೀಸಾದಲ್ಲಿ ಬನ್ನಿ, ಆಮೇಲೆ ನೋಡೋಣ" ಎನ್ನುತ್ತಿದ್ದಾರೆ. ಸಂಬಳವೇ ಇಲ್ಲದ ಕೆಲಸಕ್ಕೆ ಅಷ್ಟು ಸಾಲದೇ? – ನಿವೃತ್ತ ಶಿಕ್ಷಕರು, ಮೈಸೂರು

ಸಾಲದು. ಸಂಬಳ ಇಲ್ಲದಿದ್ದರೂ ಅಲ್ಲಿನ ಕಾನೂನಿನ ಲೆಕ್ಕದಲ್ಲಿ ಅದು ಕೆಲಸವೇ. ವರ್ಷಗಟ್ಟಲೆ ಇರುವ ಸ್ವಯಂಸೇವಕರಿಗೆ ಬೇಕಾದದ್ದು ನಿವಾಸ ಪರವಾನಗಿ. ಅದರಲ್ಲಿ 'ಸಿ' ವರ್ಗ ನಿಮ್ಮಂಥವರಿಗಾಗಿ ಇರುವುದು. ಅರ್ಜಿ ಹಾಕಬೇಕಾದದ್ದು ಕರೆಸಿಕೊಳ್ಳುವ ಸಂಸ್ಥೆ. ನೀವು ಒದಗಿಸಬೇಕಾದದ್ದು ಪಾಸ್‌ಪೋರ್ಟ್ ಪ್ರತಿ, ಫೋಟೋ, ಪದವಿ ಪತ್ರ, ಅನುಭವ ಪತ್ರ. ಶುಲ್ಕ ಯಾರು ಕಟ್ಟುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ. "ಆಮೇಲೆ ನೋಡೋಣ" ಎನ್ನುವ ಸಂಸ್ಥೆ ಮನೆ, ಆಸ್ಪತ್ರೆ ಖರ್ಚಿನ ವಿಷಯದಲ್ಲೂ ಅದೇ ಮಾತಾಡುವ ಸಾಧ್ಯತೆ ಹೆಚ್ಚು. ಅನಾರೋಗ್ಯವಾದರೆ ಊರಿಗೆ ಸಾಗಿಸುವ ವೆಚ್ಚ ವಿಮೆಯಲ್ಲಿ ಸೇರಿದೆಯೇ, ಈಗಾಗಲೇ ಇರುವ ಬಿಪಿ, ಸಕ್ಕರೆ ಕಾಯಿಲೆಯನ್ನು ವಿಮೆ ಒಪ್ಪುತ್ತದೆಯೇ ಎಂದೂ ಈಗಲೇ ಕೇಳಿ.

ನನಗೆ 66. ಬಿಪಿ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇವೆ. ಯಾವ ಲಸಿಕೆ, ಯಾವ ಮಲೇರಿಯಾ ಮಾತ್ರೆ? – ಶಿವಮೊಗ್ಗ

ಮೊದಲು ಹಳದಿ ಜ್ವರದ ಲಸಿಕೆ. ಅರವತ್ತು ದಾಟಿದವರು ಇದನ್ನು ಮೊದಲ ಬಾರಿ ಹಾಕಿಸಿಕೊಂಡಾಗ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಚಿಕ್ಕವರಿಗಿಂತ ಹೆಚ್ಚು. ಅಪರೂಪವೇ ಆದರೂ ಲಘುವಲ್ಲ. ಆದ್ದರಿಂದ ನಿಮ್ಮ ಆರೋಗ್ಯದ ಇತಿಹಾಸ ಬಲ್ಲ ವೈದ್ಯರನ್ನು ಕೇಳದೆ ನೇರವಾಗಿ ಕೇಂದ್ರಕ್ಕೆ ಹೋಗಬೇಡಿ. ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಹಾಕಿಸಿಕೊಂಡರೆ ಮಾತ್ರ ಹಳದಿ ಕಾರ್ಡ್‌ಗೆ (ಲಸಿಕೆಯ ಪ್ರಮಾಣಪತ್ರ) ಬೆಲೆ. ಚುಚ್ಚಿದ 10 ದಿನಗಳ ನಂತರ ಅದು ಜಾರಿಗೆ ಬರುತ್ತದೆ. 2016ರಿಂದ ಜೀವನಪೂರ್ತಿ ಮಾನ್ಯ.

ಪೇಚಾಟ ಶುರುವಾಗುವುದು ಹೋಗುವಾಗಲ್ಲ, ವಾಪಸು ಬರುವಾಗ. ಅಗ್ಗದ ಟಿಕೆಟ್‌ಗಳು ಹಲವು ಅಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ಹಾದುಬರುತ್ತವೆ. ಇಥಿಯೋಪಿಯಾ, ಕೆನ್ಯಾ ಎರಡೂ ಭಾರತದ ಹಳದಿ ಜ್ವರ ಪಟ್ಟಿಯಲ್ಲಿವೆ. ಆ ಕಡೆಯಿಂದ ಬಂದವರ ಬಳಿ ಕಾರ್ಡ್ ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಬೇಡವೆಂದು ವೈದ್ಯರು ಹೇಳಿದ್ದರೆ ಟಿಕೆಟ್ ತೆಗೆಯುವ ಮುನ್ನ ಪಟ್ಟಿಯನ್ನು ನೋಡಿಕೊಂಡು ದಾರಿ ಆರಿಸಿ.

ಮಲೇರಿಯಾಕ್ಕೆ ಕ್ಲೋರೋಕ್ವಿನ್ ಅಲ್ಲಿ ಕೆಲಸ ಮಾಡುವುದಿಲ್ಲ. ವೈದ್ಯರು ಸಾಮಾನ್ಯವಾಗಿ ಬರೆಯುವುದು ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ, ದಿನಕ್ಕೊಂದು: ಹೊರಡುವ ಒಂದೆರಡು ದಿನ ಮೊದಲು ಶುರು, ಮಲೇರಿಯಾ ಪ್ರದೇಶ ಬಿಟ್ಟ ಮೇಲೂ ನಾಲ್ಕು ವಾರ. ಹಿರಿಯರಲ್ಲಿ ಎಡವಟ್ಟಾಗುವುದು ಎರಡು ಕಡೆ. ರಾತ್ರಿ ಒಂದು ಗುಟುಕು ನೀರಲ್ಲಿ ನುಂಗಿ ಮಲಗಿಬಿಟ್ಟರೆ ಮಾತ್ರೆ ಅನ್ನನಾಳದಲ್ಲೇ ಅಂಟಿ ಹುಣ್ಣಾಗುತ್ತದೆ. ಊಟದ ಜೊತೆ ಒಂದು ಲೋಟ ತುಂಬ ನೀರು ಕುಡಿದು, ಕನಿಷ್ಠ ಅರ್ಧ ಗಂಟೆ ಕೂತಿರಿ. ಎರಡನೆಯದು ನಿಮ್ಮ ಕ್ಯಾಲ್ಸಿಯಂ: ಅದು, ಕಬ್ಬಿಣದ ಮಾತ್ರೆ, ಆಂಟಾಸಿಡ್ ಯಾವುದೇ ಜೊತೆಯಾದರೂ ಡಾಕ್ಸಿ ಮೈಗೆ ಹತ್ತುವುದಿಲ್ಲ. ಎರಡು ಮೂರು ಗಂಟೆ ಅಂತರ ಇರಲಿ. ಡಾಕ್ಸಿ ನುಂಗುವಾಗ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಹಾಗಾಗಿ ತುಂಬು ತೋಳು, ಟೋಪಿ. ಇನ್ನೊಂದು ಮಲೇರಿಯಾ ಮಾತ್ರೆ ಅಟೊವಾಕ್ವೋನ್-ಪ್ರೊಗ್ವಾನಿಲ್ ದುಬಾರಿ, ಆದರೆ ಮರಳಿದ ಮೇಲೆ ಏಳು ದಿನ ಸಾಕು. ಮೂತ್ರಪಿಂಡ ತೀರ ದುರ್ಬಲ ಇರುವವರಿಗೆ ಆಗದು. ವಾರಕ್ಕೊಮ್ಮೆಯ ಮೆಫ್ಲೋಕ್ವಿನ್ ಖಿನ್ನತೆ, ಹೃದಯ ಬಡಿತದ ತೊಂದರೆ ಇದ್ದವರಿಗೆ ಬೇಡ.

ಮಾತ್ರೆ ತಪ್ಪದೆ ನುಂಗಿದ್ದರೂ ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ. ಹಳ್ಳಿಯ ದವಾಖಾನೆಯಲ್ಲೂ ಬೆರಳು ಚುಚ್ಚಿ ಕಾಲು ಗಂಟೆಯಲ್ಲಿ ಫಲಿತಾಂಶ ಕೊಡುವ ಕಿಟ್ ಸಾಮಾನ್ಯವಾಗಿ ಇರುತ್ತದೆ. "ನಾಳೆ ನೋಡೋಣ, ಒಂದು ಪ್ಯಾರಾಸಿಟಮಾಲ್ ಸಾಕು" ಎಂಬುದು ಇಲ್ಲಿಯ ಅಭ್ಯಾಸ, ಅಲ್ಲಿ ಅಪಾಯ.

ಇನ್ಸುಲಿನ್ ತೆಗೆದುಕೊಳ್ಳುವವರು ಹೋಗಬಹುದೇ? ಕರೆಂಟ್ ಸರಿಯಿಲ್ಲದ ಊರು. – ಹುಬ್ಬಳ್ಳಿ

ಊರು ಯಾವುದು ಎಂಬುದರ ಮೇಲೆ ಹೋಗುತ್ತದೆ. ಬಳಕೆಯಲ್ಲಿರುವ ಪೆನ್ ಅಥವಾ ಬಾಟಲಿ ಫ್ರಿಜ್ ಇಲ್ಲದೆಯೂ 30 ಡಿಗ್ರಿ ಮೀರದ ಜಾಗದಲ್ಲಿ ಸುಮಾರು ನಾಲ್ಕು ವಾರ ಇರುತ್ತದೆ (ನಿಮ್ಮದಕ್ಕೆ ಎಷ್ಟು ದಿನವೆಂದು ಒಳಗಿನ ಚೀಟಿ ನೋಡಿ). ಇರಿಂಗಾ, ಎಂಬೆಯಾ ಕಡೆಯ ಎತ್ತರದ ಸೀಮೆಯಲ್ಲಿ ಇದು ಕಷ್ಟವಲ್ಲ. ಒಣಹವೆಯ ಡೊಡೊಮಾದಲ್ಲಿ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಬಟ್ಟೆ: ಸಾಕಷ್ಟು ತಂಪು. ದಾರ್ ಎಸ್ ಸಲಾಮ್, ಟಾಂಗಾದಂಥ ಕರಾವಳಿಯಲ್ಲಿ ಮಾತ್ರ ಈ ಉಪಾಯ ನಂಬಬೇಡಿ. ಗಾಳಿಯಲ್ಲೇ ನೀರು ತುಂಬಿರುವಾಗ ಮಡಕೆಯ ನೀರು ಆರುವುದಿಲ್ಲ, ಆರದಿದ್ದರೆ ತಂಪೂ ಇಲ್ಲ.

ಸಣ್ಣ ಸೋಲಾರ್ ಫ್ರಿಜ್‌ನಲ್ಲಿ ತಂಪಿನ ತಟ್ಟೆಗೆ ತಾಗಿಸಿಟ್ಟರೆ ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಎಸೆಯಬೇಕಾದದ್ದೇ. ಇದೇ ಕಾರಣಕ್ಕೆ ವಿಮಾನದಲ್ಲಿ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ. ಔಷಧಿ ಚೀಟಿಯಲ್ಲಿ ಕಂಪನಿ ಹೆಸರಲ್ಲ, ಔಷಧದ ಮೂಲ ಹೆಸರು ಬರೆಸಿ. ಇಲ್ಲಿಯ ಬ್ರಾಂಡ್ ಹೆಸರು ಅಲ್ಲಿಯ ಅಂಗಡಿಯವನಿಗೆ ಗೊತ್ತಿರುವುದಿಲ್ಲ.

ಸಂದರ್ಭ ಬಂದಿದ್ದರಿಂದ ಇನ್ನೊಂದು: ದುಬೈ ಮೂಲಕ ಹೋಗುವವರು ಗಸಗಸೆ ಒಯ್ಯಬೇಡಿ. ಅಲ್ಲಿ ಅದು ನಿಷಿದ್ಧ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಮಾತ್ರೆಗೂ ಕಟ್ಟುನಿಟ್ಟಿನ ನಿಯಮವಿದೆ.

ಸಸ್ಯಾಹಾರಿಗಳ ಪಾಡು? ಕುಕ್ಕರ್ ಒಯ್ಯಬೇಕೇ? – ತುಮಕೂರು

ಒಯ್ಯಿರಿ. ಮೂರು ಲೀಟರಿನದು, ಜೊತೆಗೆ ಎರಡು ಗ್ಯಾಸ್ಕೆಟ್, ಎರಡು ಸೇಫ್ಟಿ ವಾಲ್ವ್. ಎಂಬೆಯಾ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 94-95 ಡಿಗ್ರಿಯಲ್ಲೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಹುರುಳಿ, ಅಲಸಂದೆ ಬೇಗ ಮೆತ್ತಗಾಗುವುದಿಲ್ಲ. ಗ್ಯಾಸ್ ಸಿಲಿಂಡರು 6, 15 ಕೆ.ಜಿ.ಯದು ಸಿಗುತ್ತದೆ. ರೆಗ್ಯುಲೇಟರ್ ಅಲ್ಲೇ ಕೊಳ್ಳಿ, ಇಲ್ಲಿಯದು ಕೂರುವುದಿಲ್ಲ. ಜೂನ್-ಜುಲೈ ಚಳಿಗೆ ಇದ್ದಿಲ ಒಲೆಯನ್ನು ಮಲಗುವ ಕೋಣೆಗೆ ತರುವುದು ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಅದರ ವಿಷಗಾಳಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ.

ತುಮಕೂರಿನವರಿಗೆ ಸಮಾಧಾನದ ಸುದ್ದಿ: ರಾಗಿಯ ತವರೇ ಪೂರ್ವ ಆಫ್ರಿಕ. ಅಲ್ಲಿ 'ಉಲೇಜಿ' ಎಂದು ಕೇಳಿ. ಅಂಬಲಿ ಅವರಿಗೂ ಬೆಳಗಿನ ಆಹಾರ. 'ಲಿಶೆ' ಎಂದು ಬರೆದ ಹಿಟ್ಟಿನ ಪೊಟ್ಟಣದಲ್ಲಿ ಜೋಳ, ಸೋಯಾ, ಶೇಂಗಾ ಬೆರೆತಿರುತ್ತವೆ, ಕೆಲವೊಮ್ಮೆ ಒಣಮೀನಿನ ಪುಡಿಯೂ. ಕಾಳು ಕೊಂಡು ಬೀಸಿಸಿಕೊಳ್ಳುವುದು ಉತ್ತಮ. ತೊಗರಿ 'ಮ್ಬಾಜಿ', ಹೆಸರುಕಾಳು 'ಚೊರೊಕೊ'. ತೊಗರಿಯನ್ನು ಅಲ್ಲಿಂದ ಭಾರತವೇ ತರಿಸಿಕೊಳ್ಳುತ್ತದೆ, ಆದರೆ ಹಳ್ಳಿ ಸಂತೆಯಲ್ಲಿ ಬೇಳೆ ಕಾಣುವುದಿಲ್ಲ, ಇಡೀ ಕಾಳೇ. ರಾತ್ರಿ ನೆನೆಸಿಡಿ. 'ಮ್ಚಿಚಾ' ನಮ್ಮ ಹರಿವೆ ಸೊಪ್ಪಿನ ಜಾತಿಯದೇ. ಹೋಟೆಲಿನಲ್ಲಿ ಮಾತ್ರ ಸೊಪ್ಪಿನ ಪಲ್ಯಕ್ಕೆ 'ದಗಾ' ಎಂಬ ಸಣ್ಣ ಒಣಮೀನು ಹಾಕಿರುತ್ತಾರೆ. ಮಾಂಸ ಬೇಡ ಎಂದರೆ ಸಾಲದು, ಮೀನು ಅವರ ಲೆಕ್ಕದಲ್ಲಿ ಮಾಂಸವಲ್ಲ. "ಬಿಲಾ ನ್ಯಾಮಾ, ಬಿಲಾ ಸಮಾಕಿ, ಬಿಲಾ ದಗಾ" ಎಂದು ಮೂರನ್ನೂ ಹೇಳಿ.

ಸಾಮಾನು ಕಟ್ಟುವಾಗ ಗಮನಿಸಬೇಕಾದದ್ದು? – ಹಾಸನ

ಪ್ಲಾಸ್ಟಿಕ್ ಕವರ್ ಬೇಡ. 2019ರ ಜೂನ್ 1ರಿಂದ ಅಲ್ಲಿ ನಿಷೇಧ. ಉಪ್ಪಿನಕಾಯಿ, ಚಪ್ಪಲಿ, ಒಗೆಯುವ ಬಟ್ಟೆ ಎಲ್ಲಕ್ಕೂ ಬಟ್ಟೆ ಚೀಲ. ಕರೆಂಟು ನಮ್ಮಂತೆ 230 ವೋಲ್ಟ್, ಪ್ಲಗ್ ಮಾತ್ರ ಮೂರು ಚಪ್ಪಟೆ ಕಡ್ಡಿಯ ಬ್ರಿಟಿಷ್ ಮಾದರಿ. ನಮ್ಮ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಒಯ್ದು, ಅದರ ಪ್ಲಗ್ ಕತ್ತರಿಸಿ ಅಲ್ಲಿಯದನ್ನು ಕೂರಿಸಿದರೆ ಅಡಾಪ್ಟರ್ ರಾಶಿ ಬೇಕಾಗುವುದಿಲ್ಲ.

ಬಸ್ ಟಿಕೆಟ್‌ನಲ್ಲಿ "12 ಗಂಟೆ" ಎಂದಿದ್ದರೂ ಬಸ್ಸು ಬೆಳಿಗ್ಗೆಯೇ ಹೊರಟುಹೋಯಿತು ಎಂದು ಅಲ್ಲಿರುವ ಭಾವ ಬರೆದಿದ್ದಾರೆ. ಹೀಗೂ ಉಂಟೇ? – ಮಂಗಳೂರು

ಉಂಟು. ಸ್ವಾಹಿಲಿ ಗಂಟೆ ಸೂರ್ಯೋದಯದಿಂದ ಎಣಿಕೆ. ಬೆಳಿಗ್ಗೆ 7 ಅವರಿಗೆ 'ಸಾ ಮೋಜಾ', ಒಂದು ಗಂಟೆ. ಗಡಿಯಾರದ ಗಂಟೆಗೆ ಆರು ಕೂಡಿಸಿ ಅಥವಾ ಕಳೆಯಿರಿ. ದೂರದ ಬಸ್ಸುಗಳು ಹೆಚ್ಚಾಗಿ ನಸುಕಿನ 6ಕ್ಕೇ ಹೊರಡುತ್ತವೆ, ಅದು ಅವರ 12. ಟಿಕೆಟ್ ಕೊಳ್ಳುವಾಗ 'ಅಸುಬುಹಿ' (ಬೆಳಿಗ್ಗೆ) ಅಥವಾ 'ಮ್ಚಾನಾ' (ಹಗಲು) ಎಂದು ಬರೆಸಿಕೊಳ್ಳಿ. ವೈದ್ಯರ ಭೇಟಿಗೂ ಇದೇ ನಿಯಮ.

ಅಲ್ಲಿದ್ದುಕೊಂಡು ಪಿಂಚಣಿಗೆ ಲೈಫ್ ಸರ್ಟಿಫಿಕೇಟ್ ಕೊಡುವುದು ಹೇಗೆ? – ದಾವಣಗೆರೆ

ಆಂಡ್ರಾಯ್ಡ್ ಫೋನಿನಲ್ಲಿ ಜೀವನ್ ಪ್ರಮಾಣ್ ಆ್ಯಪ್, ಆಧಾರ್ ಫೇಸ್ ಆರ್‌ಡಿ ಆ್ಯಪ್ ಎರಡನ್ನೂ ಇಲ್ಲಿಂದಲೇ ಹಾಕಿಕೊಂಡು, ಹೊರಡುವ ಮುನ್ನ ಒಮ್ಮೆ ಮುಖ ತೋರಿಸಿ ನೋಂದಣಿ ಮುಗಿಸಿ. ಎಡವುವುದು ಒಟಿಪಿಯಲ್ಲಿ: ಆಧಾರ್‌ಗೆ, ಬ್ಯಾಂಕಿಗೆ ಜೋಡಿಸಿದ ಸಿಮ್‌ಗೆ ರೋಮಿಂಗ್ ಹಾಕಿಸಿ, ರೀಚಾರ್ಜ್ ತಪ್ಪದಂತೆ ಮನೆಯವರಿಗೆ ವಹಿಸಿ. ಎರಡು ಸಿಮ್ ಹಿಡಿಯುವ ಫೋನು ಬೇಕು. ಆ್ಯಪ್ ಕೈಕೊಟ್ಟರೆ ದಾರ್ ಎಸ್ ಸಲಾಮ್‌ನ ಭಾರತೀಯ ಹೈಕಮಿಷನ್‌ನಲ್ಲಿ ಸಹಿ ಮಾಡಿಸಬಹುದು. ದೂರದ ಊರಿನಿಂದ ಅದು ದಿನಪೂರ್ತಿ ಬಸ್ಸು, ಆದ್ದರಿಂದ ನವೆಂಬರ್ ಕೊನೆಯವರೆಗೆ ಕಾಯಬೇಡಿ.

ಅಲ್ಲಿಯ ಸಿಮ್‌ಗೆ ಪಾಸ್‌ಪೋರ್ಟ್ ಜೊತೆ ಬೆರಳಚ್ಚು ಕೇಳುತ್ತಾರೆ. ವಯಸ್ಸಾದವರ ಬೆರಳ ಗೆರೆ ಸವೆದಿರುವುದರಿಂದ ಯಂತ್ರ ಒಪ್ಪದೇ ಹೋಗಬಹುದು. ಕೈ ತೊಳೆದು, ತುಸು ಗ್ಲಿಸರಿನ್ ಸವರಿ, ಒರೆಸಿ, ಬೇರೆ ಬೆರಳು ಇಟ್ಟು ನೋಡಿ. ಆ ಸಿಮ್ಮಿನ ಎಂ-ಪೆಸಾದಲ್ಲೇ (ಫೋನಿನಿಂದ ಹಣ ಕಳಿಸುವ ವ್ಯವಸ್ಥೆ) ಕರೆಂಟಿನ ದುಡ್ಡೂ ಕಟ್ಟುವುದು: 20 ಅಂಕಿಯ ಸಂಖ್ಯೆ ಬರುತ್ತದೆ, ಅದನ್ನು ಮನೆಯ ಮೀಟರಿಗೆ ಒತ್ತಬೇಕು. "ಆ ಹಣವನ್ನು ಈ ನಂಬರಿಗೆ ಕಳಿಸಿ" ಎಂದು ಸ್ವಾಹಿಲಿಯಲ್ಲಿ ಬರುವ ಸಂದೇಶ ಮೋಸದ್ದು, ಅಳಿಸಿಬಿಡಿ.