ನಲ್ಲಿಗೆ ನೀರು ಬರ್ತದೇನ್ರಿ, ಅಕ್ಕಾರ?

ತಂಗಿ, ನಿನ್ನ ಪತ್ರ ಓದಿದೆ. ನಿಮ್ಮ ಮನೆಯವರಿಗೆ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ಊರಿನಲ್ಲಿ, ವೈದ್ಯಕೀಯ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ರೆಸಿಡೆನ್ಸಿ, ಅಂದರೆ ಡಾಕ್ಟರರ ತರಬೇತಿ ಕೆಲಸ, ಸಿಕ್ಕಿದೆ. ಜೂನ್‌ನಲ್ಲಿ ಬರಬೇಕು. ನೆಟ್‌ನಲ್ಲಿ ಹುಡುಕಿದರೆ ಬರೀ ಹೆದರಿಸುವ ಸುದ್ದಿ ಅಂತ ಬರೆದಿದ್ದೀಯ. "ನಲ್ಲಿಗೆ ನೀರು ಬರ್ತದೇನ್ರಿ, ಅಕ್ಕಾರ? ಕೂಸಿನ್ನ ಕರ್ಕೊಂಡು ಬರಬಹುದಾ? ನೀವು ಇಷ್ಟು ವರ್ಷ ಅಲ್ಲೇ ಹೆಂಗ ಇದ್ದೀರಿ?" ನಮ್ಮ ಗದಗಿನ ಹುಡುಗಿ ಕೇಳಿದ ಪ್ರಶ್ನೆ. ಅರ್ಧಂಬರ್ಧ ಉತ್ತರ ಕೊಡಲು ಮನಸ್ಸಿಲ್ಲ. ಸ್ವಲ್ಪ ಉದ್ದ ಆಗುತ್ತೆ, ಕೂತು ಓದು.

ಬರುತ್ತದೆ. ಈಗ ಬರುತ್ತದೆ. ಆದರೂ ನಮ್ಮ ಗ್ಯಾರೇಜಿನಲ್ಲಿ ಐದು ಕ್ಯಾನ್ ನೀರು ಯಾವಾಗಲೂ ತುಂಬಿರುತ್ತದೆ. ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ನಾವು ಸಣ್ಣವರಿದ್ದಾಗ ಗದಗ-ಬೆಟಗೇರಿಯಲ್ಲಿ ಎಂಟು ಹತ್ತು ದಿನಕ್ಕೊಮ್ಮೆ ನೀರು ಬಿಡುತ್ತಿದ್ದರು. ನೀರು ಬಂದ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಕೊಡ, ಹಂಡೆ, ಬ್ಯಾರಲ್ ಎಲ್ಲ ತುಂಬಿದ ಮೇಲೆ ಅವ್ವ ಅನ್ನದ ಪಾತ್ರೆಗೂ ನೀರು ಹಿಡಿಯುತ್ತಿದ್ದಳು. 1997ರಲ್ಲಿ ಇಲ್ಲಿಗೆ ಬಂದಾಗ ಅವ್ವನಿಗೆ ಮೊದಲ ಫೋನಿನಲ್ಲಿ ಹೇಳಿದ್ದೂ ನಲ್ಲಿಯ ಸುದ್ದಿಯನ್ನೇ. ತಿರುಗಿಸಿದರೆ ಸಾಕು, ಹಗಲು ರಾತ್ರಿ ಬಿಸಿ ನೀರು ಬರುತ್ತದೆ ಅಂದಿದ್ದೆ.

2021ರ ಫೆಬ್ರವರಿಯಲ್ಲಿ ಆ ಮಾತು ಸುಳ್ಳಾಯಿತು. ಈ ಕಡೆ ಅಪರೂಪಕ್ಕೆ ಬೀಳುವಂಥ ಚಳಿ ಬಿತ್ತು. ರಸ್ತೆ ಎಲ್ಲ ಮಂಜುಗಡ್ಡೆ. ಊರಿನ ತುಂಬ ಹಳೆಯ ಪೈಪುಗಳು ಒಡೆದವು. ಕೆಲವು ಬಡಾವಣೆಗಳಿಗೆ ವಾರಗಟ್ಟಲೆ ನೀರಿಲ್ಲ. ನಮ್ಮ ಓಣಿಗೆ ಹದಿನೇಳು ದಿನ ಬರಲಿಲ್ಲ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಒಬ್ಬರೇ ಇದ್ದರು. ನಾನು ಅಂಗಳದ ಹಿಮವನ್ನು ಬಕೆಟ್‌ನಲ್ಲಿ ತುಂಬಿ ಅವರ ಬಚ್ಚಲಿಗೆ ಹಾಕಿ ಬಂದೆ. ಕರಗಿದರೆ ಟಾಯ್ಲೆಟ್‌ಗಾದರೂ ಆಗುತ್ತದೆ. ಪಾತ್ರೆ ತೊಳೆದ ನೀರನ್ನು ಚೆಲ್ಲದೆ ಇಟ್ಟುಕೊಳ್ಳುವುದು, ಒಂದು ಚೊಂಬಿನಲ್ಲಿ ಮುಖ ಕೈ ಕಾಲು ಮುಗಿಸುವುದು, ಎಲ್ಲ ತೋರಿಸಿಕೊಟ್ಟೆ. "ಇದನ್ನೆಲ್ಲ ಎಲ್ಲಿ ಕಲಿತೆ?" ಅಂದರು. ನಮ್ಮೂರಲ್ಲಿ ಅಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವು ಹುಟ್ಟಿದ ಹಳ್ಳಿಯ ಕೈಪಂಪಿನ ಕಥೆ ಹೇಳಿದರು. ಅಲ್ಲಿಯವರೆಗೆ ಇಪ್ಪತ್ತು ವರ್ಷ ಬರೀ ಕೈ ಬೀಸಿ ನಕ್ಕಿದ್ದೆವು. ಆ ದಿನದಿಂದ ಅವರ ಅಡುಗೆಮನೆ ನನ್ನದೂ ಆಯಿತು.

ಮರು ವರ್ಷ ಇನ್ನೂ ಜೋರು. 2022ರ ಆಗಸ್ಟ್ ಕೊನೆಗೆ ಮಳೆ ಹೊಡೆದು ಪರ್ಲ್ ನದಿ ಉಕ್ಕಿತು. ಊರಿನ ದೊಡ್ಡ ನೀರು ಶುದ್ಧೀಕರಣ ಘಟಕದ ಪಂಪುಗಳು ಮೊದಲೇ ಸೊರಗಿದ್ದವು, ಆಗ ಪೂರ್ತಿ ಕೈಕೊಟ್ಟವು. ಸುಮಾರು 1,50,000 ಜನರಿಗೆ ನೀರಿಲ್ಲ. ಅದಕ್ಕೂ ಒಂದು ತಿಂಗಳು ಮುಂಚಿನಿಂದ ನೀರು ಕುದಿಸಿಯೇ ಕುಡಿಯಿರಿ ಅಂತ ಆದೇಶವಿತ್ತು. ನಾನಾಗ ಸರ್ಕಾರಿ ಮಾಧ್ಯಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಶಾಲೆಗಳನ್ನು ಆನ್‌ಲೈನ್ ಮಾಡಿದರು. ಬಾಟಲಿ ನೀರಿಗೆ ಕಾರುಗಳ ಸಾಲು ಮೈಲಿಗಟ್ಟಲೆ. ಕಾರಿಲ್ಲದವರು ಏನು ಮಾಡಬೇಕು? ನನ್ನ ಒಬ್ಬ ವಿದ್ಯಾರ್ಥಿ ಅಂಗಡಿಯ ತಳ್ಳುಗಾಡಿಯಲ್ಲಿ ನೀರಿನ ಪೆಟ್ಟಿಗೆ ಇಟ್ಟುಕೊಂಡು ಬಿಸಿಲಲ್ಲಿ ತಳ್ಳಿಕೊಂಡು ಹೋಗುತ್ತಿದ್ದ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಒಂದು ರಾಜ್ಯದ ರಾಜಧಾನಿ ಇದು!

ಆ ನವೆಂಬರ್‌ನಲ್ಲಿ ಫೆಡರಲ್ ನ್ಯಾಯಾಲಯ ನೀರಿನ ಜವಾಬ್ದಾರಿಯನ್ನು ನಗರಸಭೆಯಿಂದ ತೆಗೆದು ಹೊರಗಿನ ಒಬ್ಬ ಎಂಜಿನಿಯರ್ ಕೈಗೆ ಕೊಟ್ಟಿತು. ಕೇಂದ್ರದಿಂದ 60 ಕೋಟಿ ಡಾಲರ್ ಬಂತು. ಪೈಪು ರಿಪೇರಿ ಇನ್ನೂ ನಡೆದಿದೆ, ಬಿಲ್ಲೂ ಏರಿದೆ. ಒತ್ತಡ ಮಾತ್ರ ಚೆನ್ನಾಗಿದೆ. ಕೂಸಿದೆ ಅಂದಿಯಲ್ಲ, ಸೀಸ ತಡೆಯುವ ಫಿಲ್ಟರ್ ಒಂದನ್ನು ನಲ್ಲಿಗೆ ಹಾಕಿಸಿಕೋ. ಹಳೆಯ ಮನೆಯಾದರೆ ಬಿಡಲೇಬೇಡ.

ಯಾಕೆ ಹೀಗಾಯಿತು ಅನ್ನುವುದು ನಿನಗೆ ಗೊತ್ತಿರಬೇಕು. ಇಲ್ಲದಿದ್ದರೆ ಬಂದ ವಾರದಲ್ಲೇ ಯಾರಾದರೂ "ಇಲ್ಲಿನ ಜನವೇ ಸರಿಯಿಲ್ಲ" ಅನ್ನುತ್ತಾರೆ, ನೀನೂ ಹೂಂ ಅನ್ನುತ್ತೀಯ. ನಾನೂ ಮೊದಲ ವರ್ಷ ಹೂಂ ಅಂದಿದ್ದೆ. ಅದರ ನಾಚಿಕೆ ಇನ್ನೂ ಇದೆ.

ಮೊದಲನೆಯದು ಮಣ್ಣು. ಇಲ್ಲಿನದಕ್ಕೆ ಯಾಜೂ ಜೇಡಿ ಅಂತಾರೆ. ಥೇಟ್ ನಮ್ಮ ಎರೆ ಮಣ್ಣಿನ ಗುಣ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಅದರೊಳಗಿನ ಪೈಪು ಒಡೆಯುತ್ತೆ, ಮೇಲಿನ ರಸ್ತೆ ಕುಸಿಯುತ್ತೆ, ಮನೆಯ ಗೋಡೆ ಸೀಳುತ್ತೆ. ಇಲ್ಲಿ ಮನೆ ಕೊಳ್ಳುವವರು ಮೊದಲು ನೋಡುವುದು ಅಡಿಪಾಯ. ನರಗುಂದದ ಎರೆ ಹೊಲ ನೋಡಿದವಳಿಗೆ ಇದು ಒಂದೇ ಮಾತಿಗೆ ತಿಳಿಯುತ್ತದೆ.

ಎರಡನೆಯದು ಬಿಟ್ಟುಹೋದವರು. 1969ರ ಕೊನೆಗೆ ಸುಪ್ರೀಂ ಕೋರ್ಟು ಮಿಸಿಸಿಪ್ಪಿಯ ಶಾಲೆಗಳಿಗೆ ಇನ್ನು ತಡ ಮಾಡುವ ಹಾಗಿಲ್ಲ, ಕಪ್ಪು ಬಿಳಿ ಮಕ್ಕಳನ್ನು ಒಟ್ಟಿಗೆ ಕೂರಿಸಿ ಅಂತ ಹೇಳಿತು. 1970ರ ಜನವರಿಯಿಂದ ಬಿಳಿಯರ ಮಕ್ಕಳು ಖಾಸಗಿ ಶಾಲೆಗಳ ಕಡೆ ಹೊರಟರು. ಆಮೇಲೆ ಮನೆಗಳೂ ಪಕ್ಕದ ಕೌಂಟಿಗಳಿಗೆ ಹೊರಟವು, ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಅನುಕೂಲವಿದ್ದ ಕಪ್ಪು ಕುಟುಂಬಗಳೂ ಆಮೇಲೆ ಹೋದವು. 1980ರಲ್ಲಿ ಊರಿನ ಜನಸಂಖ್ಯೆ 2 ಲಕ್ಷ ದಾಟಿತ್ತು. 2020ರ ಗಣತಿಯಲ್ಲಿ 1,53,000 ಚಿಲ್ಲರೆ. ಇರುವವರಲ್ಲಿ ಶೇಕಡಾ 80ರಷ್ಟು ಕಪ್ಪು ಜನ, ಬಡವರು ಜಾಸ್ತಿ. ಪೈಪಿನ ಉದ್ದ ಮಾತ್ರ ಅಷ್ಟೇ ಇದೆ. ತೆರಿಗೆ ಕಟ್ಟುವ ಕೈಗಳು ಕಡಿಮೆಯಾದವು. ಹೋದವರಲ್ಲಿ ಎಷ್ಟೋ ಜನ ಬೆಳಿಗ್ಗೆ ಇದೇ ಊರಿಗೆ ಕೆಲಸಕ್ಕೆ ಬರುತ್ತಾರೆ, ಇದೇ ರಸ್ತೆ ಸವೆಸುತ್ತಾರೆ, ಸಂಜೆ ತಮ್ಮ ಕೌಂಟಿಗೆ ತೆರಿಗೆ ಕಟ್ಟುತ್ತಾರೆ. ಬೈಯುವುದು ಜಾಕ್ಸನ್ನನ್ನು.

ಇನ್ನು ಹತ್ತಿಯ ಕಥೆ. ಗದಗಿನವಳಿಗೆ ಇದನ್ನು ಹೇಳದೆ ಇರಲಾರೆ. ನಮ್ಮಜ್ಜ ಗದಗಿನ ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ತೂಕದ ಕೆಲಸ ಮಾಡುತ್ತಿದ್ದರು. ಮೈ ತುಂಬ ಅರಳೆ ಅಂಟಿಸಿಕೊಂಡು ಮನೆಗೆ ಬರುತ್ತಿದ್ದರು. 1840ರ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಈ ದಕ್ಷಿಣ ಸೀಮೆಯಿಂದಲೇ ಹತ್ತಿ ಬೆಳೆಗಾರರನ್ನು ನಮ್ಮ ದೇಶಕ್ಕೆ ಕರೆಸಿತ್ತು. ನ್ಯೂ ಆರ್ಲಿಯನ್ಸ್‌ನ ಬೀಜ ನಮ್ಮ ಎರೆ ಹೊಲಕ್ಕೆ ಹೊಂದಿಕೊಂಡಿತು. 'ಧಾರವಾಡ-ಅಮೆರಿಕನ್' ಅಂತ ಅದಕ್ಕೆ ಹೆಸರೇ ಬಂತು. 1861ರಿಂದ 1865ರವರೆಗೆ ಇಲ್ಲಿ ಅಂತರ್ಯುದ್ಧ ನಡೆದು ಹತ್ತಿ ಹೊರಡುವುದು ನಿಂತಾಗ ನಮ್ಮ ಕಡೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂದಿತ್ತು. ಇದು ನನಗೆ ಇಲ್ಲಿಗೆ ಬಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಹೊರವಲಯದ ಹತ್ತಿ ಹೊಲದ ಹತ್ತಿರ ಕಾರು ನಿಲ್ಲಿಸಿ ಅತ್ತುಬಿಟ್ಟಿದ್ದೆ. ನಮ್ಮಜ್ಜನಿಗೆ ಕೂಲಿಯಾದರೂ ಸಿಗುತ್ತಿತ್ತು. ನನ್ನ ತರಗತಿಯ ಮಕ್ಕಳ ಮುತ್ತಜ್ಜನ ಅಜ್ಜಂದಿರನ್ನು ಹತ್ತಿಗಾಗಿ ಮಾರಿದ್ದರು.

ಸರಿ, ನೀನು ಕೇಳಿದ್ದು, ಇಷ್ಟು ವರ್ಷ ಹೇಗೆ ಇದ್ದೆ ಅಂತ. ಪ್ರೀತಿಯಿಂದ ಇದ್ದೆ.

ಇಲ್ಲಿನ ಮಕ್ಕಳು ದೊಡ್ಡವರಿಗೆ ಬರೀ 'ಯೆಸ್' ಅನ್ನುವುದಿಲ್ಲ, 'ಯೆಸ್ ಮ್ಯಾಮ್' ಅನ್ನುತ್ತಾರೆ. ನಮ್ಮ 'ಹೌದ್ರಿ' ಇದ್ದ ಹಾಗೆ. ಆ 'ರೀ' ಬಿಟ್ಟು ಮಾತಾಡಿದರೆ ಅವ್ವ ಹೇಗೆ ಗದರಿಸುತ್ತಿದ್ದಳೋ ಇಲ್ಲಿನ ತಾಯಂದಿರೂ ಹಾಗೇ ಗದರಿಸುತ್ತಾರೆ. ದಾರಿಯಲ್ಲಿ ಗುರುತಿಲ್ಲದವರೂ ಮಾತಾಡಿಸುತ್ತಾರೆ. ಯಾರದಾದರೂ ಮನೆಯಲ್ಲಿ ಸಾವಾದರೆ ಆ ಸಂಜೆಯೊಳಗೆ ಓಣಿಯ ಪ್ರತಿ ಮನೆಯಿಂದ ಅಡುಗೆ ಬರುತ್ತದೆ. ನಮ್ಮ ಮಾವನವರು ಊರಲ್ಲಿ ತೀರಿಕೊಂಡಾಗ ನಮಗೂ ಬಂತು. ನಾವು ಮಾಂಸ ತಿನ್ನುವುದಿಲ್ಲ ಅಂತ ನೆನಪಿಟ್ಟು, ಹಂದಿಯ ಕೊಬ್ಬು ಹಾಕದೆ ಸೊಪ್ಪು ಬೇಯಿಸಿ ತಂದಿದ್ದರು. ಇಲ್ಲಿ ಸೊಪ್ಪಿಗೆ ಅದನ್ನು ಹಾಕುವುದು ಬಿಟ್ಟರೆ ರುಚಿಯೇ ಇಲ್ಲ ಅನ್ನುವ ಜನ.

ಊಟದ ಚಿಂತೆ ಬಿಡು. ಗ್ರಿಟ್ಸ್ ಅಂದರೆ ಗೋವಿನಜೋಳದ ನುಚ್ಚು. ಮೊದಲ ಸಲ ತಿಂದಾಗ ಮಜ್ಜಿಗೆ ಎಲ್ಲಿ ಅಂತ ಹುಡುಕಿದ್ದೆ. ಬೆಂಡೆಕಾಯಿ ಜುಲೈಯಲ್ಲಿ ರಾಶಿ ಬರುತ್ತದೆ. ಗುಲಾಮರಾಗಿ ಬಂದವರ ಜೊತೆ ಆಫ್ರಿಕಾದಿಂದ ಬಂದ ಕಾಯಿ ಅದು, ಅಲಸಂದೆಯೂ ಹಾಗೇ. ಹೊಸ ವರ್ಷದ ದಿನ ಅಲಸಂದೆ ತಿಂದರೆ ಒಳ್ಳೆಯದಾಗುತ್ತೆ ಅಂತ ಇಲ್ಲಿ ಮನೆಮನೆಯಲ್ಲೂ ಮಾಡುತ್ತಾರೆ. ನಾನು ಕಾಳು ಪಲ್ಯ ಮಾಡಿ ಅಜ್ಜಿಗೆ ಕೊಡುತ್ತಿದ್ದೆ, ಅವರು ಗೆಣಸಿನ ಪೈ ಕೊಡುತ್ತಿದ್ದರು. ಹಸಿ ಶೇಂಗಾ ಉಪ್ಪು ಹಾಕಿ ಕುದಿಸಿ ರಸ್ತೆ ಬದಿಯಲ್ಲಿ ಮಾರುತ್ತಾರೆ. ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದರೆ ಗದಗಿನ ಬಸ್ ಸ್ಟ್ಯಾಂಡೇ.

ಅಜ್ಜಿ ಈಗಿಲ್ಲ. ಅವರ ಮನೆ ಖಾಲಿ ಬಿದ್ದಿದೆ. ಮಕ್ಕಳು ಶಿಕಾಗೋದಲ್ಲಿ ಇದ್ದಾರೆ, ಮಾರಲು ನೋಡಿದರು, ಕೊಳ್ಳುವವರಿಲ್ಲ. ನಮ್ಮ ಓಣಿಯಲ್ಲಿ ಹಾಗೆ ನಾಲ್ಕು ಮನೆ ಇವೆ. ನನ್ನ ಮಗಳೂ ಓದು ಮುಗಿಸಿ ಅಟ್ಲಾಂಟಾಕ್ಕೆ ಹೋದಳು. ಅವಳಿಗೆ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ನಾನು ಗದಗ ಬಿಟ್ಟಾಗ ಅವ್ವನೂ ಬೇಡ ಅನ್ನಲಿಲ್ಲ.

ಗುಂಡಿನ ಭಯ ಕೇಳಿದ್ದೀಯ. ಮುಚ್ಚಿಡುವುದಿಲ್ಲ. 2021ರಲ್ಲಿ ಈ ಊರಿನಲ್ಲಿ 150ಕ್ಕೂ ಹೆಚ್ಚು ಕೊಲೆಯಾದವು. ಇಷ್ಟು ಸಣ್ಣ ಊರಿಗೆ ಅದು ಭಯಂಕರ ಸಂಖ್ಯೆ. ಆಮೇಲೆ ಕಡಿಮೆಯಾಗಿದೆ, ನಿಂತಿಲ್ಲ. ಸತ್ತವರಲ್ಲಿ ಒಬ್ಬ ನನ್ನ ಹಳೆಯ ವಿದ್ಯಾರ್ಥಿ. ಭಿನ್ನರಾಶಿ ಬಾಯಲ್ಲೇ ಮಾಡುತ್ತಿದ್ದ ಹುಡುಗ. ನಿಮ್ಮಂಥ ಆಸ್ಪತ್ರೆ ಮಂದಿಗೆ ಅಪಾಯ ಕಡಿಮೆ. ಅಪಾಯದ ಭಾರವೆಲ್ಲ ಬಡ ಓಣಿಯ ಗಂಡು ಹುಡುಗರ ಮೇಲೆ. ರಾತ್ರಿ ಪೆಟ್ರೋಲ್ ಹಾಕಿಸಲು ನಿಲ್ಲಬೇಡ, ಕಾರಿನಲ್ಲಿ ಬ್ಯಾಗ್ ಬಿಡಬೇಡ. ಉಳಿದಂತೆ ನಾನು ಮಾರುಕಟ್ಟೆ, ಲೈಬ್ರರಿ, ಮೇಳ ಎಲ್ಲ ಕಡೆ ಒಬ್ಬಳೇ ಓಡಾಡಿದ್ದೇನೆ.

ಮನೆ ಎಲ್ಲಿ ಮಾಡಬೇಕು? ನಮ್ಮವರು ಬಹಳ ಜನ ಜಾಕ್ಸನ್ ಸುತ್ತಲಿನ ಊರುಗಳಾದ ಮ್ಯಾಡಿಸನ್, ಬ್ರ್ಯಾಂಡನ್, ಫ್ಲೋವುಡ್ ಕಡೆ ಇರುತ್ತಾರೆ. ಹಿಂದೂ ದೇವಸ್ಥಾನವೂ ಬ್ರ್ಯಾಂಡನ್‌ನಲ್ಲೇ ಇದೆ. ಎಳೆ ಕೂಸು ಇರುವಾಗ ಮೊದಲ ವರ್ಷ ಅಲ್ಲಿ ಬಾಡಿಗೆಗೆ ಇದ್ದರೆ ಯಾರೂ ತಪ್ಪು ಅನ್ನುವುದಿಲ್ಲ. ಆದರೆ ಒಮ್ಮೆ ಜಾಕ್ಸನ್ ಒಳಗಿನ ಬಡಾವಣೆಗಳಾದ ಫಾಂಡ್ರನ್, ಬೆಲ್‌ಹೇವನ್ ನೋಡು. ಎರಡೂ ಆಸ್ಪತ್ರೆಗೆ ಹತ್ತಿರ. ದೊಡ್ಡ ಓಕ್ ಮರ, ಹಳೆಯ ಮನೆ, ಸಂಜೆ ಜಗಲಿಯಲ್ಲಿ ಕೂರುವ ಜನ. ಎಲ್ಲಿದ್ದರೂ ಕಾರು ಬೇಕೇ ಬೇಕು, ಇಲ್ಲಿನ ಬಸ್ ನಂಬುವ ಹಾಗಿಲ್ಲ. ನಿಮ್ಮವರು ತರಬೇತಿಗೆ ಬರುವವರ ಜೆ-1 ವೀಸಾದಲ್ಲಿ ಬಂದರೆ ನಿನಗೆ ಮನೆಯವರಿಗೆ ಕೊಡುವ ಜೆ-2. ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು, ಬಂದ ತಕ್ಷಣ ಹಾಕು. ಸುಂಟರಗಾಳಿಯ ಸೈರನ್ ಕೇಳಿದರೆ ಕಿಟಕಿ ಇಲ್ಲದ ಒಳಕೋಣೆಗೆ ಹೋಗಿ ಕೂಸನ್ನು ತಬ್ಬಿ ಕೂರಬೇಕು. ವಸಂತ ಕಾಲದಲ್ಲಿ ಜಾಸ್ತಿ. ಕನ್ನಡ ಕೇಳಬೇಕು ಅನ್ನಿಸಿದರೆ ಅಟ್ಲಾಂಟಾದ ನೃಪತುಂಗ ಕನ್ನಡ ಕೂಟ ಇದೆ. ಆರು ತಾಸಿನ ದಾರಿ. ಹತ್ತಿರಕ್ಕೆ ನಮ್ಮ ಮನೆ.

ನಿಮ್ಮವರಿಗೆ ಒಂದು ವಿಷಯ ಹೇಳು. ಅವರು ಕೆಲಸ ಮಾಡುವ ಆಸ್ಪತ್ರೆಯಲ್ಲಿ 1963ರ ಜೂನ್ 11ರಂದು ಡಾ. ಜೇಮ್ಸ್ ಹಾರ್ಡಿ ಅವರ ತಂಡ ಜಗತ್ತಿನ ಮೊದಲ ಶ್ವಾಸಕೋಶ ಕಸಿ ಮಾಡಿತು. ಅದೇ ರಾತ್ರಿ, ಗಡಿಯಾರ ಹನ್ನೆರಡು ದಾಟಿದ ಮೇಲೆ, ಕಪ್ಪು ಜನರ ಮತದ ಹಕ್ಕಿಗಾಗಿ ದುಡಿಯುತ್ತಿದ್ದ ಮೆಡ್ಗರ್ ಎವರ್ಸ್ ಅವರಿಗೆ ಅವರ ಮನೆಯ ಅಂಗಳದಲ್ಲೇ ಗುಂಡು ಹೊಡೆದರು. ಅವರನ್ನು ತಂದಿದ್ದು ಅದೇ ಆಸ್ಪತ್ರೆಗೆ, ತೀರಿಕೊಂಡಿದ್ದೂ ಅಲ್ಲೇ. ಅವರ ಮನೆ ಈಗ ರಾಷ್ಟ್ರೀಯ ಸ್ಮಾರಕ. ಮೂವತ್ತೇಳು ವರ್ಷದ ಮನುಷ್ಯ, ಮೂರು ಸಣ್ಣ ಮಕ್ಕಳು. ನಾನು ಪ್ರತಿ ವರ್ಷ ನನ್ನ ತರಗತಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಮಕ್ಕಳು ಆ ಅಂಗಳದಲ್ಲಿ ತಾವಾಗಿಯೇ ದನಿ ಇಳಿಸುತ್ತಿದ್ದರು.

ನೀನು ಇಳಿಯುವ ವಿಮಾನ ನಿಲ್ದಾಣಕ್ಕೂ ಅವರದೇ ಹೆಸರು. ಟಿಕೆಟ್ ಆದ ಮೇಲೆ ತಾರೀಖು ತಿಳಿಸು. ನಾನೇ ಕಾರು ತರುತ್ತೇನೆ, ಕೂಸಿನ ಸೀಟು ಪಕ್ಕದ ಓಣಿಯವರ ಹತ್ತಿರ ಕೇಳಿಟ್ಟಿದ್ದೇನೆ. ಜೋಳದ ಹಿಟ್ಟು ಇಲ್ಲೇ ಸಿಗುತ್ತೆ, ಹೊತ್ತು ತರಬೇಡ. ಗುರೆಳ್ಳು ಪುಡಿ ಮಾತ್ರ ನಿಮ್ಮ ಅವ್ವನ ಕೈಯದು ಒಂದು ಡಬ್ಬಿ ತಾ.