ಓದುಗರ ಪ್ರಶ್ನೆ: ಕಾರ್ಥೇಜಿನ ಕುದುರೆ ನಾಣ್ಯ

ಪ್ರಶ್ನೆ: ಲಕ್ಕುಂಡಿಯ ಟಂಕಸಾಲೆಯ ವಿಷಯ ಕೇಳುತ್ತ ಬೆಳೆದ ನನಗೆ ನಾಣ್ಯ ಸಂಗ್ರಹದ ಹವ್ಯಾಸವಿದೆ. ಒಂದು ಬದಿಗೆ ಸ್ತ್ರೀಮುಖ, ಇನ್ನೊಂದು ಬದಿಗೆ ಕುದುರೆ ಇರುವ ಪ್ಯೂನಿಕ್ (ಅಂದರೆ ಕಾರ್ಥೇಜಿನ) ನಾಣ್ಯದ ಹಿನ್ನೆಲೆಯೇನು? ಅದನ್ನು ಕೊಳ್ಳುವಾಗ ಏನು ಗಮನಿಸಬೇಕು?
– ಓದುಗರೊಬ್ಬರು, ಗದಗ

ಉತ್ತರ: ಇಂದಿನ ಟ್ಯುನೀಶಿಯಾದಲ್ಲಿದ್ದ ಕಾರ್ಥೇಜ್ ನಗರವು ಶತಮಾನಗಳ ಕಾಲ ಸ್ವಂತ ನಾಣ್ಯವಿಲ್ಲದೆಯೇ ಸಮುದ್ರ ವ್ಯಾಪಾರ ನಡೆಸಿ, ಕ್ರಿ.ಪೂ. 5ನೆಯ ಶತಮಾನದ ಕೊನೆಯಲ್ಲಿ ಸಿಸಿಲಿಯ ಯುದ್ಧಗಳಿಗೆ ಕರೆತಂದ ಕೂಲಿ ಸೈನಿಕರಿಗೆ ಸಂಬಳ ಕೊಡಲೆಂದು ನಾಣ್ಯ ಟಂಕಿಸತೊಡಗಿತು. ಮುಖವು ಕಾರ್ಥೇಜಿನವರು ಪೂಜಿಸುತ್ತಿದ್ದ ತಾನಿತ್ ದೇವತೆಯದೆಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಅದರ ಕೆತ್ತನೆಯಲ್ಲಿ ಸಿಸಿಲಿಯ ಸಿರಾಕ್ಯೂಸ್ ನಗರದ ಗ್ರೀಕ್ ನಾಣ್ಯಗಳ ಛಾಯೆ ಸ್ಪಷ್ಟವಾಗಿದೆ. ಕುದುರೆಯ ಹಿಂದೆ ಹಲವು ಬಾರಿ ಖರ್ಜೂರದ ಮರವಿರುತ್ತದೆ. ಗ್ರೀಕಿನ ‘ಫೊಯ್ನಿಕ್ಸ್’ ಪದಕ್ಕೆ ಖರ್ಜೂರದ ಮರ, ಫಿನೀಷಿಯದವನು (ಕಾರ್ಥೇಜನ್ನು ಕಟ್ಟಿದ ಜನಾಂಗದವನು) ಎಂಬ ಎರಡೂ ಅರ್ಥಗಳಿರುವುದು ನನಗೆ ಬಹಳ ಪ್ರಿಯವಾದ ಸಂಗತಿ. ಕ್ರಿ.ಪೂ. 241ರಲ್ಲಿ ರೋಮಿಗೆ ಸೋತ ಮೇಲೆ ಸಂಬಳದ ಬಾಕಿಗಾಗಿ ದಂಗೆಯೆದ್ದ ಸೈನಿಕರು ಕಾರ್ಥೇಜಿನ ನಾಣ್ಯಗಳ ಮೇಲೆಯೇ ತಮ್ಮ ಮುದ್ರೆಯನ್ನು ಒತ್ತಿದರು.

ಕಂಚಿನವು ಹೇರಳವಾಗಿರುವುದರಿಂದ ಅವುಗಳಿಂದಲೇ ಆರಂಭಿಸಿರಿ. ಅಂಚಿನಲ್ಲಿ ಅಚ್ಚಿನ ಜೋಡಣೆಯ ಗೆರೆ, ಮೈಮೇಲೆ ಗುಳ್ಳೆಯ ಗುಳಿ ಕಂಡರೆ ಎರಕದ ನಕಲಿಯೆಂದು ಶಂಕಿಸಬೇಕು. ಹಸಿರು ಕಿಲುಬನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿರಿ.