ಧಾರಣೆ ಓದುವ ಹುಡುಗ

(ನನ್ನ ಬಳಿ ಸಲಹೆಗೆ ಬಂದವರ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

“ಮೇಡಂ, ಇವನು ಪುಸ್ತಕ ಮುಟ್ಟೋದೇ ಇಲ್ಲ. ಎರಡು ಸಾಲು ಬರಿ ಅಂದ್ರೆ ಕಣ್ಣಲ್ಲಿ ನೀರು” ಎಂದರು ತಾಯಿ. ಹುಡುಗ ಎಂಟನೇ ಕ್ಲಾಸು. ಮಲೆನಾಡಿನ ಹಳ್ಳಿ, ಮನೆಯಲ್ಲಿ ಸಣ್ಣ ಅಡಿಕೆ ತೋಟ.

ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದೆ. ಪಾಠದ ಮಾತು ಎತ್ತಲಿಲ್ಲ. ಬೆಳಿಗ್ಗೆಯಿಂದ ಮಲಗುವ ತನಕ ಏನೇನು ಮಾಡ್ತೀಯ ಅಂತ ಸುಮ್ನೆ ಕೇಳಿದೆ. ಅಜ್ಜನಿಗೆ ಕಣ್ಣು ಮಂಜಂತೆ. ದಿನಾ ಪೇಪರಿನಲ್ಲಿ ಬರುವ ಅಡಿಕೆಯ ಪೇಟೆ ಧಾರಣೆ ಇವನೇ ಓದಿ ಹೇಳಬೇಕು. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಬಗೆಗಳನ್ನು ಹೇಳಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಔಷಧಿ ಡಬ್ಬದ ಮೇಲಿನ ಸಣ್ಣ ಅಕ್ಷರವನ್ನೂ ಬಿಡುವುದಿಲ್ಲ. ಇದೂ ಓದೇ ಅಲ್ವಾ? ಮನೆಯಲ್ಲಿ ಯಾರೂ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಬರೆಯಲು ಅಳು ಯಾಕೆ ಅನ್ನುವುದು ಎರಡನೇ ಭೇಟಿಯಲ್ಲಿ ಹೊರಬಂತು. ಹಿಂದಿನ ವರ್ಷ ಕ್ಲಾಸಿನಲ್ಲಿ ‘ಮಳೆಗಾಲ’ ಪ್ರಬಂಧ ಕೊಟ್ಟಿದ್ದರು. ಇವನು ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆ ರೋಗದ ಬಗ್ಗೆ ಬರೆದಿದ್ದ. ಅದಕ್ಕೆ ಹೊಡೆಯುವ ಔಷಧಿಗೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮಳೆ ಬಿಟ್ಟ ದಿನ ಅದನ್ನು ಹೊಡೆಯಲು ಮರ ಹತ್ತುವವರು ಸಿಗುವುದಿಲ್ಲ. ಅಪ್ಪ ಅಂಗಳದಲ್ಲಿ ಮೋಡ ನೋಡುತ್ತ ನಿಲ್ಲುತ್ತಾರೆ. ಇಡೀ ಪುಟಕ್ಕೆ ಕೆಂಪು ಗೆರೆ ಬಿತ್ತು. ಗೈಡಿನಲ್ಲಿ ಇರುವುದನ್ನು ಬರಿ ಅಂದರಂತೆ. ಮನೆಯಲ್ಲಿ ಅದೇ ಪುಟದ ಕಾಗುಣಿತದ ತಪ್ಪು ಎಣಿಸಿದರು. ಕೇಳಿ ನನ್ನ ಹೊಟ್ಟೆ ಚುರುಕ್ ಎಂದಿತು. ಅಪ್ಪ ಮೋಡ ನೋಡುವ ಆ ಸಾಲು ಯಾವ ಗೈಡಿನಲ್ಲಿ ಸಿಗುತ್ತದೆ?

ತಾಯಿಗೆ ನಾನು ಹೇಳಿದ್ದು ಇಷ್ಟು. ಮೂರು ತಿಂಗಳು ಅವನ ಬರಹದ ತಪ್ಪು ತಿದ್ದಬೇಡಿ. ‘ಆಮೇಲೆ ಏನಾಯ್ತು?’ ಅಂತ ಮಾತ್ರ ಕೇಳಿ. “ಎಸ್ಸೆಸ್ಸೆಲ್ಸಿ ಬಂದೇ ಬಿಡ್ತಲ್ಲ ಮೇಡಂ” ಅಂದರು. ಆ ಭಯ ನನಗೂ ಅರ್ಥವಾಗುತ್ತದೆ. ಆದರೆ ಪೆನ್ನು ಹಿಡಿಯಲು ಹೆದರುವವನಿಗೆ ಕಾಗುಣಿತ ಕಲಿಸುವುದಾದರೂ ಹೇಗೆ? ಮೊದಲು ಹೆದರಿಕೆ ಹೋಗಲಿ, ತಿದ್ದುವುದು ಆಮೇಲೆ.

ಹುಡುಗನಿಗೆ ಒಂದು ನೋಟ್‌ಬುಕ್. ದಿನಕ್ಕೆ ಐದು ಸಾಲು, ತೋಟದ್ದೋ ಅಜ್ಜನದ್ದೋ. ಅವನು ಒಪ್ಪದೆ ಯಾರೂ ತೆರೆಯುವಂತಿಲ್ಲ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಿವೆ. ಅಲ್ಲಿಗೆ ಕರೆದುಕೊಂಡು ಹೋಗಿ, ಪುಸ್ತಕ ಅವನೇ ಆರಿಸಲಿ, ಹಿಡಿಸದಿದ್ದರೆ ಅರ್ಧಕ್ಕೇ ವಾಪಸ್ ಕೊಡಲಿ ಎಂದೆ. ಮನೆಯವರ ಒಪ್ಪಿಗೆ ಪಡೆದು ಶಾಲೆಗೂ ಒಂದು ಪತ್ರ ಬರೆದೆ: ತಿಂಗಳಿಗೆ ಒಂದು ಪ್ರಬಂಧವಾದರೂ ಗೈಡ್ ಇಲ್ಲದೆ, ಮಕ್ಕಳೇ ಆರಿಸಿದ ವಿಷಯದ ಮೇಲೆ ಇರಲಿ. ಈಗಿನ ಕನ್ನಡ ಟೀಚರ್ ಒಪ್ಪಿದರು.

ಎರಡು ತಿಂಗಳ ಮೇಲೆ ಬಂದಾಗ ಅಂಕ ಹೆಚ್ಚಿರಲಿಲ್ಲ. ಒತ್ತಕ್ಷರ ಈಗಲೂ ತಪ್ಪುತ್ತಿತ್ತು. ಗ್ರಂಥಾಲಯದಿಂದ ತಂದ ಮೂರು ಪುಸ್ತಕದಲ್ಲಿ ಎರಡನ್ನು ಅರ್ಧಕ್ಕೇ ಬಿಟ್ಟಿದ್ದ. ಹಕ್ಕಿಗಳ ಪುಸ್ತಕವನ್ನು ಮಾತ್ರ ಎರಡು ಸಲ ಓದಿದ್ದ. ನೋಟ್‌ಬುಕ್ ಮುಕ್ಕಾಲು ತುಂಬಿತ್ತು. ಧಾರಣೆ ಓದಿ ಮುಗಿಸಿದ ಮೇಲೆ ಅಜ್ಜ ಎದ್ದು ಹೋಗುವುದಿಲ್ಲವಂತೆ. “ಈಗ ನಿಂದು ಓದು ಮಾರಾಯ” ಅಂತ ಅಲ್ಲೇ ಕೂತಿರುತ್ತಾರಂತೆ.